ಸೀಸದ ಅರಸರು, ತವರದ ಕಾಸುಗಳು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಘಟ್ಟದ ಕಾನುಗಳ ನಡುವೆ ಇಳಿದು, ಎಲ್ಲಿಯೂ ಅಣೆಕಟ್ಟಿನ ತಡೆಯನ್ನು ಕಾಣದೆ ಹರಿದುಬರುವ ಅಘನಾಶಿನಿಯು ಅರಬ್ಬೀ ಸಮುದ್ರವನ್ನು ಕೂಡಿಕೊಳ್ಳುವ ಅಳಿವೆಯ ಬಡಗಣ ದಡದಲ್ಲಿ ತದಡಿ ಎಂಬ ಬಂದರು ಇದೆ. ಇಂದು ಅದು ಮೀನುಗಾರರ ಊರು. ದಕ್ಕೆಯಲ್ಲಿ ದೋಣಿಗಳು, ದಂಡೆಯಲ್ಲಿ ಒಣಹಾಕಿದ ಬಲೆಗಳು, ತುಸು ದೂರದಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ, ಹಿನ್ನೀರಿನ ಉದ್ದಕ್ಕೂ ಕಗ್ಗದ ಭತ್ತ ಬೆಳೆಯುವ ಗಜನಿ ಭೂಮಿ. ಆದರೆ ಇದೇ ಹೊಳೆಯನ್ನು ಹಿಡಿದು ಸ್ವಲ್ಪ ಮೇಲಕ್ಕೆ ಹೋದರೆ ಮಿರ್ಜಾನದ ಕೋಟೆ ಎದುರಾಗುತ್ತದೆ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡಿರುವ ಈ ಕೋಟೆಯಲ್ಲಿ 2000-01ರಲ್ಲಿ ನಡೆದ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು, ಕಬ್ಬಿಣದ ಗುಂಡುಗಳು ಮೊದಲಾದವುಗಳ ಜೊತೆಗೆ 1652ರ ಪೋರ್ಚುಗೀಸ್ ಚಿನ್ನದ ನಾಣ್ಯವೂ ದೊರೆಯಿತು. ಮಿರ್ಜಾನದ ವಿಷಯವಾಗಿ ಬರೆದವರೆಲ್ಲರೂ ಆ ಚಿನ್ನದ ನಾಣ್ಯವನ್ನು ತಪ್ಪದೆ ಸ್ಮರಿಸುತ್ತಾರೆ. ಅದು ಸಹಜವೇ. ಆದರೆ ಈ ದಂಡೆಯ ಚರಿತ್ರೆಯನ್ನು ಅರಿಯಬಯಸುವವನು ಚಿನ್ನಕ್ಕಿಂತ ಹೆಚ್ಚಾಗಿ ಅರಸಬೇಕಾದದ್ದು ಸೀಸವನ್ನು, ತವರವನ್ನು, ಸತುವನ್ನು. ಲೋಹಗಳಲ್ಲಿ ಬಡವು ಎಂದೆನಿಸಿಕೊಂಡ ಇವುಗಳಿಂದಾದ, ಅಂಗಡಿಯ ಕಟ್ಟೆಯಿಂದ ಮೀನುಪೇಟೆಗೂ ಮೀನುಪೇಟೆಯಿಂದ ತಾರಿಯ ದೋಣಿಗೂ ಕೈಯಿಂದ ಕೈಗೆ ಸಾಗಿದ ಕಾಸುಗಳನ್ನು.

ಲೋಹದ ಬೆಲೆಗೂ ನಾಣ್ಯದ ವಿರಳತೆಗೂ ಇರುವ ಸಂಬಂಧವು ಸಾಮಾನ್ಯವಾಗಿ ನಾವು ಊಹಿಸುವುದಕ್ಕೆ ತೀರ ವಿಪರೀತವಾದದ್ದು. ಚಿನ್ನವನ್ನು ಜನರು ಹೂಳಿಟ್ಟರು, ಮಡಕೆಯಲ್ಲಿ ತುಂಬಿ ಗೋಡೆಯಲ್ಲಿ ಅಡಗಿಸಿದರು, ದೇವರ ಪೆಟ್ಟಿಗೆಯಲ್ಲಿ ಇಟ್ಟು ಪೂಜಿಸಿದರು; ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಮಣ್ಣು ಅದನ್ನು ಸಾವಿರ ವರ್ಷಗಳ ಮೇಲೆಯೂ ಇದ್ದಂತೆಯೇ ಹಿಂದಿರುಗಿಸುತ್ತದೆ. ಸೀಸದ ಕಾಸನ್ನು ಯಾರೂ ನಿಧಿಯಾಗಿ ಇಡಲಿಲ್ಲ. ಅದನ್ನು ಹೊರಡಿಸಿದ ರಾಜನ ಆಳಿಕೆ ಮುಗಿದು ನಾಣ್ಯಕ್ಕೆ ಚಲಾವಣೆ ತಪ್ಪಿದೊಡನೆ ಅದು ಬರಿಯ ಸೀಸವಾಯಿತು. 327 ಡಿಗ್ರಿಯ ಶಾಖಕ್ಕೆ ಕರಗುವ ಆ ಲೋಹವನ್ನು ಅಡಿಗೆಯ ಒಲೆಯ ಮೇಲೆಯೇ ಕರಗಿಸಿ ಬೇಕಾದ ಆಕಾರಕ್ಕೆ ತರಬಹುದು. ತದಡಿಯ ದಂಡೆಯಲ್ಲಿ ಬೀಸುಬಲೆಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ, ಬಲೆಯನ್ನು ನೀರಿನ ತಳಕ್ಕೆ ಸೆಳೆಯುವ ಸೀಸದ ಗುಂಡುಗಳ ಸಾಲು ತಿಳಿದೇ ಇರುತ್ತದೆ. ನೂರಾರು ವರ್ಷಗಳ ಕಾಲ ಈ ತೀರದಲ್ಲಿ ಸೀಸಕ್ಕೆ ಹೀಗೆ ನಿತ್ಯದ ಉಪಯೋಗವಿದ್ದಾಗ, ಎರಡು ಸಾವಿರ ವರ್ಷಗಳ ಹಿಂದಿನ ಸೀಸದ ನಾಣ್ಯವೊಂದು ಕರಗದೆ ಉಳಿದುಬಂದಿತೆಂದರೆ ಅದನ್ನು ಭಾಗ್ಯವೆಂದೇ ಎಣಿಸಬೇಕು.

ಅಂತಹ ಭಾಗ್ಯವು ಉತ್ತರ ಕನ್ನಡಕ್ಕೆ ಲಭಿಸಿದೆ. ತದಡಿಯಿಂದ ಕರಾವಳಿಯನ್ನು ಹಿಡಿದು ಬಡಗಲಾಗಿ ಹೋದರೆ ಸಿಕ್ಕುವ ಕಾರವಾರದಲ್ಲಿ ಕಳೆದ ಶತಮಾನಕ್ಕೂ ಹಿಂದೆ ದೊರೆತ ಸೀಸದ ದೊಡ್ಡ ನಾಣ್ಯಗಳು ಭಾರತದ ನಾಣ್ಯಶಾಸ್ತ್ರದಲ್ಲಿ ತಮ್ಮದೇ ಆದ ಸ್ಥಾನವನ್ನು ಪಡೆದಿವೆ. ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಇ. ಜೆ. ರ್‍ಯಾಪ್ಸನ್ನರು 1908ರಲ್ಲಿ ಪ್ರಕಟಿಸಿದ, ಆಂಧ್ರ ವಂಶ ಮತ್ತು ಪಶ್ಚಿಮ ಕ್ಷತ್ರಪರೇ ಮೊದಲಾದವರ ನಾಣ್ಯಗಳ ಸೂಚಿಯಲ್ಲಿ ಇವುಗಳ ವಿವರಣೆಯಿದೆ. ನಾಣ್ಯದ ಒಂದು ಮುಖದಲ್ಲಿ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಬೆಟ್ಟ. ಕೆಲವರು ಇದನ್ನು ಚೈತ್ಯವೆನ್ನುತ್ತಾರೆ. ಅದರ ಅಡಿಯಲ್ಲಿ ನದಿಯನ್ನು ಸೂಚಿಸುವ ಅಲೆಯ ಗೆರೆ. ಸುತ್ತಲೂ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಇನ್ನೊಂದು ಮುಖದಲ್ಲಿ ಕಟಾಂಜನದೊಳಗೆ ನಿಂತ ಮರ, ಅದರ ಪಕ್ಕದಲ್ಲಿ ತ್ರಿರತ್ನದ ಚಿಹ್ನೆ. ಸುಮಾರು 27 ಮಿಲಿಮೀಟರು ಅಡ್ಡಳತೆಯ, 14 ಗ್ರಾಂ ತೂಗುವ ಇಂತಹ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಮೊದಲು ತೋರುವುದು ಅದರ ಭಾರ. ಗಾತ್ರವನ್ನು ನೋಡಿ ಕೈಯು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾದ, ನಿಧಾನವಾಗಿ ಅರಿವಿಗೆ ಬರುವ ಭಾರ. ಬಣ್ಣವು ಮಳೆಗಾಲದ ಮೋಡದ ಬೂದು. ಬೆಟ್ಟ, ನದಿ, ಮರ ಎಂಬ ಈ ಮೂರನ್ನು ನೋಡಿದಾಗ, ಸಾಂಕೇತಿಕವಾದ ಅರ್ಥ ಏನೇ ಇರಲಿ, ಸಹ್ಯಾದ್ರಿಯ ಮಗ್ಗುಲಲ್ಲಿ ಬಾಳಿದ ಕಮ್ಮಟದವನೊಬ್ಬನು ತನ್ನ ನಾಡನ್ನೇ ಅಷ್ಟು ಪುಟ್ಟ ವೃತ್ತದೊಳಗೆ ಕೊರೆದನೆಂದು ನನಗೆ ತೋರುತ್ತದೆ. ಇದೇ ಲಾಂಛನಗಳು ಶಾತವಾಹನರ ನಾಣ್ಯಗಳಲ್ಲಿ ದೂರದೂರದ ಪ್ರದೇಶಗಳಲ್ಲಿಯೂ ಕಾಣುತ್ತವೆ ಎಂಬುದನ್ನು ಬಲ್ಲೆನಾದರೂ ಆ ಭಾವನೆಯನ್ನು ಬಿಡಲಾರೆ.

ಬರಹವು ಅರಸರ ಹೆಸರುಗಳನ್ನು ಹೇಳುತ್ತದೆ: ಕೆಲವು ನಾಣ್ಯಗಳು ರಾಜ ಚುಟುಕುಲಾನಂದನವು, ಕೆಲವು ಮುಳಾನಂದನವು, ಇನ್ನು ಕೆಲವು ಸಿವಲಾನಂದನವು. ರ್‍ಯಾಪ್ಸನ್ನರು ಮೊದಲೆರಡು ಹೆಸರುಗಳನ್ನು ಚುಟುಕಡಾನಂದ, ಮುಡಾನಂದ ಎಂದು ಓದಿದ್ದರು. ಅನಂತರದ ವಿದ್ವಾಂಸರು ಅಕ್ಷರಗಳನ್ನು ಮತ್ತೆ ಪರಿಶೀಲಿಸಿ ಚುಟುಕುಲ, ಮುಳ ಎಂಬ ಪಾಠಗಳನ್ನು ನಿಲ್ಲಿಸಿದರು. ಈ ತಿದ್ದುಪಡಿಯು ಸಣ್ಣದಲ್ಲ. ಏಕೆಂದರೆ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆಯ ಮೇಲೆ ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿ ಎಂಬ ರಾಜನ 12ನೆಯ ಆಳಿಕೆಯ ವರ್ಷದ ಶಾಸನವಿದೆ. ರಾಜಕುಮಾರಿ ಶಿವಸ್ಕಂದನಾಗಶ್ರೀಯು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನವಾಗಿ ಮಾಡಿಸಿದಳೆಂದು ಅದು ತಿಳಿಸುತ್ತದೆ. ಶಿಕಾರಿಪುರ ತಾಲೂಕಿನ ಮಳವಳ್ಳಿಯ ಸ್ತಂಭದ ಮೇಲೂ ಈ ವಂಶದ ಶಾಸನವುಂಟು. ಘಟ್ಟದ ಮೇಲಿನ ಬನವಾಸಿಯ ಕಲ್ಲೂ ಘಟ್ಟದ ಕೆಳಗಿನ ಕಾರವಾರದ ಸೀಸವೂ ಒಂದೇ ಕುಲದ ಹೆಸರನ್ನು ಉಚ್ಚರಿಸುತ್ತಿವೆ. ಕದಂಬ ಮಯೂರಶರ್ಮನಿಗಿಂತ ಮುಂಚೆ, ವರದಾ ನದಿಯ ದಂಡೆಯಿಂದ ಅರಬ್ಬೀ ಸಮುದ್ರದವರೆಗೆ ಕೈ ಚಾಚಿದ ಒಂದು ಪ್ರಭುತ್ವವಿದ್ದಿತೆಂಬುದಕ್ಕೆ ಸೀಸದ ಈ ಬಿಲ್ಲೆಗಳು ಕೈಗೆ ಸಿಕ್ಕುವ ಪ್ರಮಾಣ. ಈ ಅರಸರ ಕಾಲವನ್ನು ಕುರಿತಾಗಲಿ, ಮುಳಾನಂದನಿಗೂ ಚುಟುಕುಲಾನಂದನಿಗೂ ಇದ್ದ ಸಂಬಂಧವನ್ನು ಕುರಿತಾಗಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮುಳಾನಂದನನ್ನು ನಾವು ಬಲ್ಲುದೇ ನಾಣ್ಯದಿಂದ. ಕಾರವಾರದ ಸೀಸವು ಬಲೆಯ ಗುಂಡಾಗಿ ಹೋಗಿದ್ದರೆ ಒಬ್ಬ ಅರಸನೇ ಚರಿತ್ರೆಯಿಂದ ಅಳಿಸಿಹೋಗುತ್ತಿದ್ದನು.

ಸೀಸವನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಲೋಕದ ಬೇರೆ ಸಾಮ್ರಾಜ್ಯಗಳು ಸೀಸವನ್ನು ಮುದ್ರೆಗಳಿಗೂ ಗುರುತಿನ ಬಿಲ್ಲೆಗಳಿಗೂ ಬಳಸಿದ್ದುಂಟಾದರೂ, ರಾಜನ ಹೆಸರನ್ನು ಹೊತ್ತ ನಿಜವಾದ ನಾಣ್ಯವನ್ನಾಗಿ ಅದನ್ನು ದಕ್ಷಿಣಾಪಥದವರಷ್ಟು ವ್ಯಾಪಕವಾಗಿ ಚಲಾಯಿಸಿದವರು ವಿರಳ. ಶಾತವಾಹನರೂ ಮಹಾರಠಿಗಳೆಂಬ ಅವರ ಸಾಮಂತರೂ ಸೀಸದಲ್ಲಿಯೂ, ತಾಮ್ರ-ತವರ-ಸೀಸಗಳನ್ನು ಕೂಡಿಸಿದ ಪೋಟಿನ್ ಎಂಬ ಮಿಶ್ರಲೋಹದಲ್ಲಿಯೂ ನಾಣ್ಯಗಳನ್ನು ಹೊರಡಿಸಿದರು. ಚಿತ್ರದುರ್ಗದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ಸದಕಣ ಕಳಲಾಯ ಮಹಾರಠಿಯ ಸೀಸದ ನಾಣ್ಯಗಳು ದೊರೆತಿವೆ. ಅವುಗಳ ಮೇಲೆ ಡುಬ್ಬದ ಗೂಳಿ ನಿಂತಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರರೂ ಅಗೆಸಿದ ಆ ನೆಲೆಯಲ್ಲಿ ಇಂತಹ ಸೀಸದ ಕಾಸುಗಳೊಡನೆ ರೋಮಿನ ಬೆಳ್ಳಿಯ ದಿನಾರಿಗಳೂ ಕಂಡುಬಂದವು. ಈ ಸಹವಾಸವು ಅರ್ಥಪೂರ್ಣವಾದದ್ದು. ಕ್ರಿಸ್ತಶಕದ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲಿನಿಯು, ಭಾರತದಲ್ಲಿ ತಾಮ್ರವಾಗಲಿ ಸೀಸವಾಗಲಿ ಇಲ್ಲವೆಂದೂ, ಭಾರತೀಯರು ತಮ್ಮ ರತ್ನಗಳನ್ನೂ ಮುತ್ತುಗಳನ್ನೂ ಕೊಟ್ಟು ಅವನ್ನು ಕೊಳ್ಳುತ್ತಾರೆಂದೂ ಬರೆದಿದ್ದಾನೆ. ಅದು ಅಕ್ಷರಶಃ ನಿಜವಲ್ಲ. ನಮ್ಮ ದೇಶದಲ್ಲಿ ಎರಡೂ ಅದಿರುಗಳಿದ್ದವು. ಆದರೆ ಅದೇ ಕಾಲದ ಗ್ರೀಕ್ ನಾವಿಕನ ಕೈಪಿಡಿಯಾದ ಪೆರಿಪ್ಲಸ್ಸು ಭರುಕಚ್ಛಕ್ಕೂ ಮಲಬಾರಿನ ಮುಚಿರಿಗೂ ಹಡಗುಗಳು ತರುತ್ತಿದ್ದ ಸರಕುಗಳಲ್ಲಿ ತಾಮ್ರ, ತವರ, ಸೀಸ ಮೂರನ್ನೂ ಹೆಸರಿಸುವುದರಿಂದ, ಪ್ಲಿನಿಯ ಮಾತಿಗೆ ವ್ಯಾಪಾರದ ಆಧಾರವಿತ್ತೆಂಬುದು ಸ್ಪಷ್ಟ. ಅದೇ ಕೈಪಿಡಿಯು ನೌರಾ ಎಂಬ ಬಂದರನ್ನು ಹೇಳುತ್ತದೆ; ಅದು ಹೊನ್ನಾವರವೆಂದು ಕೆಲವರು, ಕಣ್ಣೂರೆಂದು ಕೆಲವರು ವಾದಿಸಿದ್ದಾರೆ. ಯಾವ ಬಂದರಿಗೆ ಇಳಿದರೂ ಸೀಸವು ಹಡಗಿಗೆ ಅನುಕೂಲವಾದ ಸರಕು. ತಳದ ಭಾರಕ್ಕೂ ಆಗುತ್ತದೆ, ದಡದಲ್ಲಿ ಮಾರಾಟಕ್ಕೂ ಆಗುತ್ತದೆ. ಮೆತ್ತನೆಯ ಲೋಹವಾದ್ದರಿಂದ ಅಚ್ಚೊತ್ತುವವನಿಗೆ ಶ್ರಮವೂ ಕಡಿಮೆ. ಬೆಳ್ಳಿಯು ದೊಡ್ಡ ವರ್ತಕರ ವ್ಯವಹಾರಕ್ಕೆ, ಸೀಸವು ಸಂತೆಯ ವ್ಯವಹಾರಕ್ಕೆ ಎಂಬ ಒಂದು ವಿಭಜನೆಯು ಹೀಗೆ ನೆಲೆಗೊಂಡಿರಬೇಕು.

ಕದಂಬರ ಕಾಲದಿಂದ ವಿಜಯನಗರದವರೆಗಿನ ದೀರ್ಘವಾದ ಅವಧಿಯನ್ನು ಇಲ್ಲಿ ಬೇಗನೆ ದಾಟಬೇಕಾಗಿದೆ. ಪದ್ಮಟಂಕಗಳು, ಜೋಡಿ ಮೀನುಗಳ ಆಳುಪ ಗದ್ಯಾಣಗಳು, ವರಾಹಗಳು, ಇವೆಲ್ಲ ಚಿನ್ನದ ಕಥೆ, ಮತ್ತು ಅದನ್ನು ಮೈಸೂರು ವಿಶ್ವವಿದ್ಯಾನಿಲಯದ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಸಮಗ್ರವಾಗಿ ಹೇಳಿದ್ದಾರೆ. ನಮ್ಮ ವಿಷಯಕ್ಕೆ ಹತ್ತಿರವಾದ ಸಾಕ್ಷ್ಯವು ಭಟ್ಕಳದ್ದು. ಹದಿನಾರನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸನು, ಭಟ್ಕಳಕ್ಕೆ ಬಂದಿಳಿಯುವ ತಾಮ್ರವು ಒಳನಾಡಿಗೆ ಹೋಗಿ ನಾಣ್ಯವೂ ಹಂಡೆಯೂ ಪಾತ್ರೆಯೂ ಆಗುತ್ತಿತ್ತೆಂದು ತಿಳಿಸುತ್ತಾನೆ. ಪಾದರಸ, ಹವಳ, ಪಟಿಕ, ದಂತಗಳ ವ್ಯಾಪಾರವನ್ನೂ ಹೇಳುತ್ತಾನೆ. ಹಂಪೆಯ ಪೇಟೆಯಲ್ಲಿ ಚಲಾವಣೆಯಾದ ತಾಮ್ರದ ಕಾಸುಗಳಲ್ಲಿ ಎಷ್ಟೋ ಪಾಲು, ಹೀಗೆ, ನಮ್ಮ ಕರಾವಳಿಯ ದಕ್ಕೆಗಳ ಮೇಲೆ ಮೊದಲು ನೆಲವನ್ನು ಮುಟ್ಟಿತು.

ಆ ಕಾಲದ ಕರಾವಳಿಯಲ್ಲಿ ತವರದ ನಾಣ್ಯಗಳ ಅಧ್ಯಾಯವು ತೆರೆಯುವುದು ಹೊನ್ನಾವರದವನೊಬ್ಬನ ಸಮ್ಮುಖದಲ್ಲಿ ಎಂಬುದು ಗಮನಾರ್ಹ. ಪೋರ್ಚುಗೀಸರು ತಿಮೋಜ ಎಂದು ಬರೆದ, ಹೊನ್ನಾವರದ ನೌಕಾನಾಯಕ ತಿಮ್ಮಯ್ಯನು 1510ರಲ್ಲಿ ಗೋವೆಯನ್ನು ಹಿಡಿಯಲು ಅಫೋನ್ಸೊ ದ ಅಲ್ಬುಕರ್ಕನಿಗೆ ನೆರವಾದುದು ಪ್ರಸಿದ್ಧವಾಗಿದೆ. ಊರು ಕೈವಶವಾದ ಮೇಲೆ, ನಾಣ್ಯವಿಲ್ಲದೆ ವ್ಯಾಪಾರವು ನಿಂತುಹೋಗುತ್ತಿದೆಯೆಂದು ಅಲ್ಲಿನ ಪ್ರಮುಖರೂ ತಿಮ್ಮಯ್ಯನೂ ಅಲ್ಬುಕರ್ಕನನ್ನು ಕೇಳಿಕೊಂಡರೆಂದು ಪೋರ್ಚುಗೀಸ್ ವೃತ್ತಾಂತಗಳು ತಿಳಿಸುತ್ತವೆ. ಟಂಕಸಾಲೆಯು ಸ್ಥಾಪಿತವಾಗಿ ಚಿನ್ನ, ಬೆಳ್ಳಿ, ತಾಮ್ರಗಳ ನಾಣ್ಯಗಳು ಹೊರಟವು. ಮರುವರ್ಷ, 1511ರಲ್ಲಿ, ಮಲಕ್ಕಾ ಅಲ್ಬುಕರ್ಕನ ವಶವಾಯಿತು. ಅದು ತವರದ ಗಣಿಗಳ ನಾಡಾದ್ದರಿಂದ ಅಲ್ಲಿ ಅವನು ತವರದಲ್ಲಿಯೇ ನಾಣ್ಯಗಳನ್ನು ಹೊಯ್ಯಿಸಿದನು. ಮಲಕ್ಕಾದ ತವರವು ಗೋವೆಗೆ ಹರಿದುಬರತೊಡಗಿದಂತೆ ಗೋವೆಯ ಅತಿ ಸಣ್ಣ ನಾಣ್ಯವಾದ ಬಜಾರೂಕು ತಾಮ್ರವನ್ನು ಬಿಟ್ಟು ತವರಕ್ಕೂ ಮುಂದೆ ಸತುವಿನ ಜಾತಿಯ ತುತ್ತನಾಗಕ್ಕೂ ಇಳಿಯಿತು. 1583ರಿಂದ ಐದು ವರ್ಷಗಳ ಕಾಲ ಗೋವೆಯಲ್ಲಿ ನೆಲಸಿದ್ದ ಡಚ್ಚರ ಲಿನ್‌ಸ್ಕೋಟನು, ಬಜಾರೂಕು ಕೀಳು ತವರದ ಎರಕದ ನಾಣ್ಯವೆಂದೂ, 75 ಬಜಾರೂಕುಗಳಿಗೆ ಒಂದು ಟಂಗಾ ಆಗುತ್ತಿತ್ತೆಂದೂ ಬರೆದನು. ಬೀದಿಯ ಮೂಲೆಮೂಲೆಗಳಲ್ಲಿ ಕುಳಿತು ನಾಣ್ಯವನ್ನು ನೋಡಿದ ಮಾತ್ರಕ್ಕೆ ಒಳ್ಳೆಯದೋ ಖೋಟಾವೋ ಎಂದು ಹೇಳಬಲ್ಲ ಸರಾಫರ ಜಾಣ್ಮೆಯನ್ನೂ ಅವನು ವಿಸ್ಮಯದಿಂದ ಕಂಡನು.

ಗೋವೆಯನ್ನು ಸಂತ ಕ್ಯಾಥರೀನಳ ಹಬ್ಬದ ದಿನವಾದ ನವೆಂಬರ್ 25ರಂದು ಎರಡನೆಯ ಸಲ ಗೆದ್ದುದರಿಂದ ಆ ಸಂತಳ ಚಕ್ರವು ಹಲವು ಬಜಾರೂಕುಗಳ ಮೇಲೆ ಲಾಂಛನವಾಗಿ ನಿಂತಿದೆ. ಇಂದು ಅಂತಹ ತವರದ ಬಜಾರೂಕು ಸ್ಪಷ್ಟವಾದ ಅಚ್ಚಿನೊಡನೆ ದೊರೆಯುವುದು ಕಷ್ಟ. ಅಂಚು ಸವೆದು, ಮೈ ಚುಕ್ಕೆಚುಕ್ಕೆಯಾಗಿ ಕೊರೆದು, ಚಕ್ರದ ಒಂದೆರಡು ಕಡ್ಡಿಗಳು ಮಾತ್ರ ಉಳಿದಿರುತ್ತವೆ. ಗೋವೆಯ ಶೆರಾಫಿನ್ ಎಂಬ ಬೆಳ್ಳಿಯ ನಾಣ್ಯಗಳು ಭದ್ರವಾಗಿ ಉಳಿದವು. ಒಂದು ಹಿಡಿ ಮೀನಿನ, ಒಂದು ಕಟ್ಟು ಸೊಪ್ಪಿನ ಬೆಲೆಯಾಗಿ ಸಾವಿರಾರು ಕೈಗಳನ್ನು ದಾಟಿದ ಕಾಸು ಸವೆದುಹೋಯಿತು. ಆ ಸವಕಳಿಯೇ ಅದರ ಬಾಳಿನ ಲೆಕ್ಕಪತ್ರ. ನಾಣ್ಯವನ್ನು ಕೊಳ್ಳುವವರು ಅಚ್ಚಿನ ನಿಖರತೆಗೆ ಹೆಚ್ಚಿನ ಬೆಲೆಯನ್ನು ಕೊಡುತ್ತಾರೆ. ಅದು ಪೇಟೆಯ ನ್ಯಾಯ. ಆದರೆ ಬಡ ಲೋಹದ ನಾಣ್ಯದ ವಿಷಯದಲ್ಲಿ ಆ ನ್ಯಾಯವನ್ನು ಹಾಗೆಯೇ ಅನ್ವಯಿಸುವುದು ನನಗೆ ಸರಿಕಾಣುವುದಿಲ್ಲ.

ಆಂಗ್ಲರು ಸಹ ಇದೇ ದಾರಿಯನ್ನು ಹಿಡಿದರು. 1638ರಿಂದಲೇ ಕಾರವಾರದಲ್ಲಿ ಮೆಣಸಿನ ಕೋಠಿಯನ್ನು ನಡೆಸುತ್ತಿದ್ದ ಅವರು, 1672ರಲ್ಲಿ ಮುಂಬಯಿಯಲ್ಲಿ ತಮ್ಮ ಟಂಕಸಾಲೆಯನ್ನು ಆರಂಭಿಸಿದಾಗ ಬೆಳ್ಳಿಯ ನಾಣ್ಯಕ್ಕೆ ಆಂಗ್ಲಿನಾ, ತಾಮ್ರದ್ದಕ್ಕೆ ಕಾಪರೂನ್, ತವರದ್ದಕ್ಕೆ ಟಿನ್ನಿ ಎಂದು ಹೆಸರಿಟ್ಟರು. ಹದಿನೆಂಟನೆಯ ಶತಮಾನದಲ್ಲಿ ಮುಂಬಯಿಯ ಕಂಪನಿಯು ಸೀಸದಲ್ಲಿಯೂ ತುತ್ತನಾಗದಲ್ಲಿಯೂ ಕಿರೀಟದ ಚಿತ್ರವಿರುವ ಪೈಸೆಗಳನ್ನು ಹೊರಡಿಸಿತು. ತಾಮ್ರವು ದುಬಾರಿಯಾದಾಗ ಅಥವಾ ಹಡಗು ತಡವಾದಾಗ ಸಣ್ಣ ಚಿಲ್ಲರೆಯ ಕ್ಷಾಮವನ್ನು ನೀಗಲು ಕಂಡುಕೊಂಡ ಉಪಾಯಗಳಿವು. ಸಂಗ್ರಾಹಕರು ಇಂದು ಈ ತವರದ, ಸೀಸದ ಮುಂಬಯಿ ಪೈಸೆಗಳನ್ನು ಅದೇ ಕಾಲದ ಬೆಳ್ಳಿಯ ರೂಪಾಯಿಗಳಿಗಿಂತ ಹೆಚ್ಚು ಆಸೆಯಿಂದ ಅರಸುತ್ತಾರೆ; ಕಾರಣವು ಮೇಲೆ ಹೇಳಿದ್ದೇ.

ವಿಚಿತ್ರ ಲೋಹಗಳ ಮಾತು ಬಂದಾಗ ಲೋಕದ ಇತಿಹಾಸದ ಎರಡು ಮೂರು ಪ್ರಸಂಗಗಳನ್ನು ನೆನೆಯದಿರಲಾಗದು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಬ್ಯಾಕ್ಟ್ರಿಯದ ಯವನರಾಜರಾದ ಎರಡನೆಯ ಯೂಥಿಡೆಮಸ್, ಪಂಟಲಿಯಾನ್, ಅಗಥೋಕ್ಲೀಸರು ಹೊರಡಿಸಿದ ಕೆಲವು ನಾಣ್ಯಗಳನ್ನು ರಸಾಯನಜ್ಞರು ಪರೀಕ್ಷಿಸಿದಾಗ ಅವು ತಾಮ್ರ ಮತ್ತು ನಿಕಲ್ಲುಗಳ ಮಿಶ್ರಣವೆಂದು, ಸುಮಾರು ಐದನೆಯ ಒಂದು ಪಾಲು ನಿಕಲ್ಲೆಂದು ತಿಳಿದುಬಂದಿತು. ನಿಕಲ್ಲನ್ನು ಒಂದು ಮೂಲಧಾತುವಾಗಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ಟನು ಬೇರ್ಪಡಿಸಿದ್ದು 1751ರಲ್ಲಿ! ತಮಗೆ ಹೆಸರೇ ತಿಳಿಯದ ಲೋಹವನ್ನು ಯವನರ ಟಂಕಸಾಲೆಯವರು ಬೆಳ್ಳಗಿನ ತಾಮ್ರವೆಂದೇ ಭಾವಿಸಿ ಬಳಸಿರಬೇಕು. 1329ರಿಂದ 1332ರವರೆಗೆ ಮುಹಮ್ಮದ್ ಬಿನ್ ತುಘಲಕನು ಬೆಳ್ಳಿಯ ಟಂಕಕ್ಕೆ ಬದಲಾಗಿ ಹಿತ್ತಾಳೆ, ತಾಮ್ರಗಳ ಸಂಕೇತ ನಾಣ್ಯವನ್ನು ನಡೆಸಲು ಯತ್ನಿಸಿ, ಖೋಟಾ ನಾಣ್ಯಗಳ ಪ್ರವಾಹದಿಂದ ಸೋತು, ಅವನ್ನೆಲ್ಲ ಬೊಕ್ಕಸಕ್ಕೆ ಹಿಂದಕ್ಕೆ ಪಡೆದುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಸುಲ್ತಾನನ ಸೇವೆಯಲ್ಲಿದ್ದ ಇಬ್ನ್ ಬತೂತನು ಆಮೇಲೆ ಹೊನ್ನಾವರಕ್ಕೆ ಬಂದು ತಂಗಿದ್ದನೆಂಬುದನ್ನು ಮಾತ್ರ ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಯೂರಲ್ ಪರ್ವತಗಳಲ್ಲಿ ಸಿಕ್ಕಿದ ಪ್ಲಾಟಿನಮ್ಮನ್ನು ಏನು ಮಾಡಬೇಕೆಂದು ತೋಚದೆ ರಷ್ಯದ ಚಕ್ರವರ್ತಿಗಳ ಸರ್ಕಾರವು 1828ರಿಂದ 1845ರವರೆಗೆ 3, 6 ಮತ್ತು 12 ರೂಬಲ್ಲುಗಳ ನಾಣ್ಯಗಳನ್ನು ಅದರಿಂದ ಮಾಡಿಸಿತು. ಆಗ ಪ್ಲಾಟಿನಮ್ಮು ಚಿನ್ನಕ್ಕಿಂತ ಎಷ್ಟು ಅಗ್ಗವಾಗಿತ್ತೆಂದರೆ, ಸ್ಪೇನಿನ ಖೋಟಾ ನಾಣ್ಯದವರು ಪ್ಲಾಟಿನಮ್ಮಿನ ಬಿಲ್ಲೆಗೆ ಚಿನ್ನದ ನೀರು ಹಾಕಿ ಚಿನ್ನದ ನಾಣ್ಯವೆಂದು ದಾಟಿಸುತ್ತಿದ್ದರು.

ಇಷ್ಟು ದೂರ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಕುಮಟೆಯ, ಹೊನ್ನಾವರದ ಯಾವುದೇ ಹಳೆಯ ಮನೆಯ ಗೂಡಿನಲ್ಲಿ, ದೇವರ ಕಾಣಿಕೆಯ ಡಬ್ಬಿಯಲ್ಲಿ, ಅಜ್ಜಿಯ ಎಲೆಯಡಿಕೆಯ ಸಂಚಿಯಲ್ಲಿ ಇಪ್ಪತ್ತನೆಯ ಶತಮಾನದ ಲೋಹಚರಿತ್ರೆಯು ಚೆದರಿ ಬಿದ್ದಿರುತ್ತದೆ. 1907ರಲ್ಲಿ ಅಂಚಿಗೆ ಅಲೆಯಲೆಯ ಆಕಾರವಿರುವ ತಾಮ್ರ-ನಿಕಲ್ಲಿನ ಒಂದಾಣೆ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವವಾದಾಗ ಎರಡಾಣೆ, ನಾಲ್ಕಾಣೆ, ಎಂಟಾಣೆಗಳೂ ಅದೇ ಲೋಹಕ್ಕೆ ತಿರುಗಿದವು. 1919ರ ಸುಮಾರಿನ ತಾಮ್ರ-ನಿಕಲ್ಲಿನ ಎಂಟಾಣೆಯನ್ನು ಖೋಟಾ ಮಾಡುವವರು ಹೆಚ್ಚಿದ್ದರಿಂದ ಸರ್ಕಾರವು ಬೇಗನೆ ಹಿಂದೆಗೆದುಕೊಂಡಿತು, ಹಾಗಾಗಿ ಅದು ಇಂದು ಸುಲಭವಾಗಿ ಸಿಕ್ಕುವುದಿಲ್ಲ. ಎರಡನೆಯ ಮಹಾಯುದ್ಧವು ಇನ್ನೂ ಕಠೋರವಾದದ್ದು. 1940ರಲ್ಲಿ ರೂಪಾಯಿಯ ಬೆಳ್ಳಿಯು ಅರ್ಧಕ್ಕೆ ಇಳಿಯಿತು. 1943ರಲ್ಲಿ ಕಾಸಿನ ನಡುವೆ ದೊಡ್ಡ ತೂತು ಬಿದ್ದಿತು. ನಮ್ಮ ಹಿರಿಯರು ಮಕ್ಕಳ ಉಡಿದಾರಕ್ಕೆ ಪೋಣಿಸುತ್ತಿದ್ದ ಆ ತೂತುಕಾಸು ತಾಮ್ರವನ್ನು ಉಳಿಸಲು ಟಂಕಸಾಲೆಯು ಮಾಡಿಕೊಂಡ ಉಪಾಯ. 1946ರ ಅರ್ಧ ರೂಪಾಯಿಯೂ 1947ರ ಒಂದು ರೂಪಾಯಿಯೂ ಶುದ್ಧ ನಿಕಲ್ಲಿನವು, ಹಿಂಬದಿಯಲ್ಲಿ ನಡೆಯುವ ಹುಲಿ. ಒಂದು ಆಯಸ್ಕಾಂತವನ್ನು ಹತ್ತಿರ ತಂದರೆ ಹುಲಿಯ ರೂಪಾಯಿಯು ತಟ್ಟನೆ ಅಂಟಿಕೊಳ್ಳುತ್ತದೆ. ತಾಮ್ರ-ನಿಕಲ್ಲಿನ ಆಣೆಯು ಅಲುಗುವುದಿಲ್ಲ. ಮಕ್ಕಳಿಗೆ ಲೋಹವಿಜ್ಞಾನದ ಮೊದಲ ಪಾಠವನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಾಣೆ.

ಸ್ವಾತಂತ್ರ್ಯಾನಂತರದ ಅಲ್ಯೂಮಿನಿಯಮ್ ಚಿಲ್ಲರೆಯನ್ನು ಈಗ ಯಾರೂ ಲಕ್ಷಿಸುವುದಿಲ್ಲ. ಚೌಕವಾದ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ, ಮೂಲೆಗಳನ್ನು ದುಂಡಿಸಿದ ಐದು ಪೈಸೆ, ಇವೆಲ್ಲ ನೀರಿನ ಮೇಲೆ ಮೆಲ್ಲನೆ ಇಟ್ಟರೆ ತೇಲುವಷ್ಟು ಹಗುರವೆಂದು ಹುಡುಗರು ಆಟವಾಡುತ್ತಿದ್ದ ಕಾಲವೊಂದಿತ್ತು. ನಾಲ್ಕಾಣೆಯ ಬೆಲೆಯ 25 ಪೈಸೆಯೂ ಅದಕ್ಕಿಂತ ಕೆಳಗಿನ ನಾಣ್ಯಗಳೂ 2011ರ ಜೂನ್ 30ರ ತರುವಾಯ ಚಲಾವಣೆಯಿಂದ ಕಾನೂನಿನ ಪ್ರಕಾರವೇ ಹೊರಟುಹೋದವು. ಬಳಿಕ ಅವು ಗುಜರಿಗೆ ಹೋದವು, ಪಾತ್ರೆಯಾದವು. ಸೀಸದ ಚುಟುಕುಲಾನಂದನಿಗೆ ಆದದ್ದೇ ಇವಕ್ಕೂ ಆಗುತ್ತಿದೆ. ಇನ್ನು ಎರಡು ಶತಮಾನಗಳ ಮೇಲೆ ಉಪ್ಪುಗಾಳಿಯ ಕರಾವಳಿಯಲ್ಲಿ ಒಂದು ನಿಷ್ಕಳಂಕವಾದ ಮೂರು ಪೈಸೆಯನ್ನು ಹುಡುಕುವವನು ಬಹಳ ಶ್ರಮಪಡಬೇಕಾದೀತು. ಹೊಸದಾಗಿ ಸಂಗ್ರಹವನ್ನು ಆರಂಭಿಸುವ ತರುಣರಿಗೆ, ಕಡಿಮೆ ಹಣದಲ್ಲಿ ಸಾಧ್ಯವಾಗುವ ಸಂಗ್ರಹವೆಂದು ನಾನು ಇದನ್ನೇ ಸೂಚಿಸುತ್ತೇನೆ: ಒಂದೊಂದು ಲೋಹಕ್ಕೆ ಒಂದೊಂದು ನಾಣ್ಯ, ಕಂಚಿನ ನಯಾಪೈಸೆಯಿಂದ ತುಕ್ಕುರಹಿತ ಉಕ್ಕಿನ ರೂಪಾಯಿಯವರೆಗೆ.

ಇನ್ನು ಕಾಪಾಡುವ ವಿಷಯ. ಕುಮಟೆಯ ಕಡೆಯ ಮನೆಗಳಲ್ಲಿ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದಲೋ ವಾಟೆಹುಳಿಯಿಂದಲೋ ಮುರುಗಲಿನ ಸಿಪ್ಪೆಯಿಂದಲೋ ತಿಕ್ಕಿ ಥಳಥಳಿಸುವಂತೆ ಮಾಡುವ ರೂಢಿಯಿದೆ. ನೆಲದಿಂದ ಎದ್ದ ನಾಣ್ಯವನ್ನು ಕಂಡೊಡನೆ ಅದೇ ಕೈಯು ಅದೇ ಹುಳಿಯತ್ತ ಹೋಗುತ್ತದೆ. ದಯಮಾಡಿ ಹಾಗೆ ಮಾಡಬಾರದು. ಹುಳಿಯು ತಾಮ್ರದ ಮೇಲೆ ಶತಮಾನಗಳಿಂದ ಕಟ್ಟಿದ ಕಾಪಿನ ಪದರವನ್ನು ತೊಳೆದುಹಾಕುತ್ತದೆ. ಸೀಸದ ವಿಷಯದಲ್ಲಂತೂ ಅಕ್ಷರಗಳನ್ನೇ ಕರಗಿಸುತ್ತದೆ. ಸೀಸಕ್ಕೆ ಮರದ ಪೆಟ್ಟಿಗೆಯೂ ಶತ್ರು. ಮರವೂ ರಟ್ಟೂ ನಿಧಾನವಾಗಿ ಹೊರಬಿಡುವ ಆಮ್ಲದ ಆವಿಯು ಸೀಸವನ್ನು ಬಿಳಿಯ ಪುಡಿಯಾಗಿ ಮಾಡಿಬಿಡುತ್ತದೆ; ವಸ್ತುಸಂಗ್ರಹಾಲಯಗಳು ಸಹ ಮರದ ಸೆಳೆಖಾನೆಗಳಲ್ಲಿ ಸೀಸದ ವಸ್ತುಗಳನ್ನು ಹೀಗೆ ಕಳೆದುಕೊಂಡಿವೆ. ನಮ್ಮ ಹಿರಿಯರ ಪ್ರೀತಿಯ ಹಲಸಿನ ಪೆಟ್ಟಿಗೆಯು ಬೆಳ್ಳಿಗೆ ಸಲ್ಲಬಹುದು, ಸೀಸಕ್ಕೆ ಸಲ್ಲದು. ಗಾಜಿನ ಅಥವಾ ಒಳ್ಳೆಯ ಪಾಲಿಯೆಸ್ಟರಿನ ಹೊದಿಕೆಯೊಳಗೆ, ತೇವವನ್ನು ಹೀರುವ ಸಿಲಿಕಾ ಹರಳುಗಳ ಜೊತೆಗೆ ಇಡಬೇಕು. ಕರಾವಳಿಯ ಮಳೆಗಾಲದಲ್ಲಿ ಆ ಹರಳುಗಳನ್ನು ಆಗಾಗ ಬದಲಾಯಿಸಬೇಕು. ತಾಮ್ರದ ನಾಣ್ಯದ ಮೇಲೆ ತಿಳಿಹಸುರು ಪುಡಿಯು ಏಳುತ್ತಿದ್ದರೆ ಅದು ಉಪ್ಪಿನಂಶದಿಂದ ಹುಟ್ಟಿದ ರೋಗ. ಅಂತಹ ನಾಣ್ಯವನ್ನು ಮಿಕ್ಕವುಗಳಿಂದ ಬೇರೆಯಾಗಿಟ್ಟು ತಿಳಿದವರಿಗೆ ತೋರಿಸಬೇಕು. ಸೀಸವು ವಿಷಲೋಹವಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯುವುದು, ಮಕ್ಕಳ ಕೈಗೆ ಸಿಕ್ಕದಂತೆ ಇಡುವುದು ಅಗತ್ಯ.

ಸೀಸದ ನಾಣ್ಯವನ್ನು ಖೋಟಾ ಮಾಡುವುದು ಚಿನ್ನವನ್ನು ಖೋಟಾ ಮಾಡುವುದಕ್ಕಿಂತ ಬಹಳ ಸುಲಭ. ಎರಕದ ನಕಲಿನ ಅಂಚಿನಲ್ಲಿ ಸಂದುಗೆರೆ, ಮೈಯಲ್ಲಿ ಗಾಳಿಗುಳ್ಳೆಗಳ ಗುಳಿಗಳು, ಅಕ್ಷರಗಳ ಅಂಚಿನಲ್ಲಿ ಮಂಕುತನ, ಇವು ಭೂತಗನ್ನಡಿಗೆ ಕಾಣುವ ಗುರುತುಗಳು. ನಾಣ್ಯವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಸಾಂದ್ರತೆಯನ್ನು ಲೆಕ್ಕಹಾಕಿದರೆ ಲೋಹವು ತನ್ನ ಹೆಸರನ್ನು ತಾನೇ ಹೇಳುತ್ತದೆ: ಸೀಸಕ್ಕೆ 11.3, ತಾಮ್ರಕ್ಕೂ ನಿಕಲ್ಲಿಗೂ 8.9ರ ಆಸುಪಾಸು, ತವರಕ್ಕೆ 7.3, ಸತುವಿಗೆ 7.1, ಅಲ್ಯೂಮಿನಿಯಮ್ಮಿಗೆ 2.7. ಆದರೆ ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿಗಳನ್ನು ಕೊಡುತ್ತೇವೆಂದು ದೂರವಾಣಿಯಲ್ಲಿ ಆಸೆ ಹುಟ್ಟಿಸಿ, ಮೊದಲು ಶುಲ್ಕವನ್ನು ಕಳುಹಿಸಿರೆಂದು ಕೇಳುವವರನ್ನು ಪರೀಕ್ಷಿಸಲು ಇಂತಹ ತಕ್ಕಡಿಯಿಲ್ಲ. ತನ್ನ ಹೆಸರನ್ನು ಬಳಸಿ ನಡೆಯುವ ಇಂತಹ ವಂಚನೆಗಳ ಬಗೆಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿ, ಹಳೆಯ ನಾಣ್ಯಗಳ ಕ್ರಯವಿಕ್ರಯದಲ್ಲಿ ತಾನು ತೊಡಗಿಲ್ಲವೆಂದು ಸ್ಪಷ್ಟಪಡಿಸಿತು. ಒಳ್ಳೆಯ ನಾಣ್ಯಗಳನ್ನು ಕಣ್ಣಾರೆ ಕಂಡು ಅಭ್ಯಾಸ ಮಾಡಿಕೊಳ್ಳಬಯಸುವ ಕರಾವಳಿಯವರಿಗೆ ಉಡುಪಿಯಲ್ಲಿ, ಕಾರ್ಪೊರೇಷನ್ ಬ್ಯಾಂಕಿನ ಸಂಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಏರ್ಪಡಿಸಿದ ನಾಣ್ಯಸಂಗ್ರಹಾಲಯವು ಒಂದು ಉತ್ತಮವಾದ ಪಾಠಶಾಲೆ.

ಎಲ್ಲಕ್ಕಿಂತ ಮಿಗಿಲಾಗಿ, ಬಡ ಲೋಹದ ನಾಣ್ಯಕ್ಕೆ ಅದು ದೊರೆತ ಸ್ಥಳವೇ ಪ್ರಾಣ. ಚಿನ್ನವು ದೇಶದೇಶಗಳನ್ನು ಸುತ್ತುತ್ತದೆ. ಹಂಪೆಯ ವರಾಹವು ಹೊರ್ಮುಜಿನಲ್ಲಿ ಸಿಕ್ಕಿದರೂ ಆಶ್ಚರ್ಯವಿಲ್ಲ. ಸೀಸದ ಕಾಸು ತನ್ನ ಊರನ್ನು ಬಿಟ್ಟು ಬಹುದೂರ ಹೋಗುವುದಿಲ್ಲ, ಏಕೆಂದರೆ ಗಡಿಯ ಆಚೆ ಅದನ್ನು ಸ್ವೀಕರಿಸುವವರಿಲ್ಲ. ಆದ್ದರಿಂದಲೇ ಅದು ಸಿಕ್ಕಿದ ಜಾಗವು ಆ ಅರಸನ ಆಜ್ಞೆಯು ನಡೆಯುತ್ತಿದ್ದ ನೆಲ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಮುಳಾನಂದನ ನಾಣ್ಯವೊಂದು ದೂರದ ನಗರದ ಹರಾಜಿನಲ್ಲಿ, ಊರಿನ ಹೆಸರಿಲ್ಲದೆ, ಮಾರಾಟವಾದಾಗ ಕೊಂಡವನಿಗೆ ಒಂದು ಸುಂದರ ವಸ್ತುವು ದಕ್ಕುತ್ತದೆ. ಆದರೆ ಆ ಅರಸನ ರಾಜ್ಯವು ಕಾಳಿ ನದಿಯ ದಡದಲ್ಲಿಯೇ ನಿಂತಿತೋ, ಗಂಗಾವಳಿಯನ್ನು ದಾಟಿ ಅಘನಾಶಿನಿಯ ಅಳಿವೆಯವರೆಗೂ ಬಂದಿತೋ, ಶರಾವತಿಯನ್ನು ಮುಟ್ಟಿತೋ ಎಂಬ ಪ್ರಶ್ನೆಗೆ ಉತ್ತರವು ಮಾರಾಟದ ಚೀಟಿಯೊಡನೆ ಹರಿದುಹೋಗುತ್ತದೆ.

ಗಜನಿಯ ಒಡ್ಡನ್ನು ಕಟ್ಟುವಾಗಲೋ, ಬಾವಿಯನ್ನು ತೋಡುವಾಗಲೋ, ಹೊಳೆಯ ಮರಳಿನಲ್ಲಿಯೋ ಬೂದುಬಣ್ಣದ, ಗಾತ್ರಕ್ಕೆ ಮೀರಿ ಭಾರವಾದ ಒಂದು ಬಿಲ್ಲೆಯು ತದಡಿಯ ಆಚೀಚೆಯ ಯಾರಿಗಾದರೂ ಸಿಕ್ಕಿದರೆ, ಅದನ್ನು ತಿಕ್ಕದೆ, ಬಾಗಿಸದೆ, ಸಿಕ್ಕಿದ ಜಾಗದ ಹೆಸರು, ಆಳ, ಜೊತೆಯಲ್ಲಿದ್ದ ಮಡಕೆಯ ಚೂರು ಮೊದಲಾದವನ್ನು ಆಗಲೇ ಬರೆದಿಟ್ಟು, ಎರಡೂ ಮುಖಗಳ ಭಾವಚಿತ್ರವನ್ನು ತೆಗೆದು, ತಹಸೀಲ್ದಾರರಿಗೂ ರಾಜ್ಯದ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ನೆಲದಡಿಯ ನಿಧಿಯನ್ನು ಅಧಿಕಾರಿಗಳಿಗೆ ಅರುಹಬೇಕೆಂಬ ಕಾನೂನು 1878ರಿಂದಲೂ ನಮ್ಮಲ್ಲಿದೆ. ನೂರು ವರ್ಷಕ್ಕೆ ಮೀರಿದ ನಾಣ್ಯವನ್ನು ದೇಶದ ಹೊರಗೆ ಒಯ್ಯುವುದನ್ನು 1972ರ ಪುರಾವಸ್ತು ಕಾಯಿದೆಯು ನಿಷೇಧಿಸುತ್ತದೆ. ಬೆಟ್ಟ, ಅಲೆಗೆರೆ, ಕಟಾಂಜನದೊಳಗಿನ ಮರ, ಈ ಮೂರರಲ್ಲಿ ಒಂದಾದರೂ ಅದರ ಮೇಲೆ ಗೋಚರವಾದರೆ, ಕಾರವಾರದ ತೆಂಕಲಿಗೆ, ಆನಂದ ಎಂದು ಹೆಸರು ಕೊನೆಗೊಳ್ಳುವ ಈ ಅರಸರ ಎಲ್ಲೆಯನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದನ್ನು ನಿರ್ಧರಿಸಲು ಅದೊಂದು ಬಿಲ್ಲೆಯೇ ಆಧಾರವಾಗಬಲ್ಲದು.